ಒಬ್ಬರಿಗಾಗುವಷ್ಟು ಮುದ್ದೆ

ಚಾಮರಾಜನಗರ
೭-೮-೧೯೯೬, ಬುಧವಾರ

ಪ್ರೀತಿಯ ಸುಧಾಮಣಿಗೆ, ದೂರದಿಂದಲೇ ತಲೆ ಸವರಿ ಅವ್ವ ಬರೆಯುವುದು.

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಗೋಪಾಲಸ್ವಾಮಿ ಬೆಟ್ಟದ ಗಾಳಿ ಗುಂಡ್ಲುಪೇಟೆಯಲ್ಲಿ ಬೇರೆ ಯಾರ ಮನೆಗೂ ಹೋಗದೆ ನೇರ ನಿನ್ನ ಹಾಸ್ಟೆಲ್ಲಿನ ಕಿಟಕಿಗೇ ಬರುತ್ತದೆಂದು ನೀನು ಬರೆದಿದ್ದೆ. ಗಾಳಿಗೆ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ಕಿಟಕಿ ಮುಚ್ಚಿ ಮಲಗುವ ಅಧಿಕಾರ ನಿನಗಿದೆ. ಮೆಣಸಿನ ಕಷಾಯ ಕುಡಿದೆಯೋ, ಇಲ್ಲ ಕುಡಿದೆ ಎಂದು ಬರೆದು ಸುಮ್ಮನಾಗುತ್ತೀಯೋ?

ಇನ್ನು ವಿಷಯಕ್ಕೆ ಬರುತ್ತೇನೆ. ಐದು ತಿಂಗಳಿಂದ ಸರ್ಕಾರಿ ಕಚೇರಿಯ ಧೂಳು ಕುಡಿದವಳು ನಾನು, ಕಾಗದ ಬರೆಯುವ ಕ್ರಮ ನನಗೂ ಈಗ ಗೊತ್ತು. ವಿಷಯ: ಅವ್ವ ಒಬ್ಬಳೇ ಇದ್ದಾಳೆಂಬ ಕಾರಣಕ್ಕೆ ಟೀಚರ್ ಟ್ರೇನಿಂಗನ್ನು ಅರ್ಧಕ್ಕೆ ಬಿಟ್ಟು, ಟ್ರಂಕು ಸಮೇತ ಮನೆಗೆ ಬರಲು ನೀನು ಸಲ್ಲಿಸಿರುವ ಅರ್ಜಿ. ಉಲ್ಲೇಖ: ನಿನ್ನ ಸೋಮವಾರದ ಇನ್‌ಲ್ಯಾಂಡ್ ಪತ್ರ. ಅದರಲ್ಲಿ ಮೂರು ಕಡೆ ಶಾಯಿ ಕದಡಿದೆ. ಹಾಸ್ಟೆಲ್ಲಿನ ಸೂರು ಸೋರುತ್ತಿರಬೇಕೆಂದು ದಾಖಲಿಸಿಕೊಂಡಿದ್ದೇನೆ. ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ.

ಮೊದಲನೆಯ ಕಾರಣ, ನಾನು ಒಬ್ಬಳಲ್ಲ. ಹತ್ತರಿಂದ ಐದೂವರೆಯವರೆಗೆ ನಿಮ್ಮಪ್ಪನ ಸ್ಟೂಲು ಇದೆ, ಸಾಹೇಬರ ಬಾಗಿಲ ಪಕ್ಕದಲ್ಲಿ. ಅದರ ಒಂದು ಕಾಲು ಮೋಟು; ಕೆಳಗೆ ಅವರು ಮಡಚಿಟ್ಟಿದ್ದ ಬೀಡಿಕಟ್ಟಿನ ಕಾಗದ ಇನ್ನೂ ಹಾಗೇ ಇದೆ. ಅವರ ಕೆಲಸ ನನಗೆ ಕೊಟ್ಟ ಮೊದಲ ದಿನ ಒಳಗಿನಿಂದ ಬೆಲ್ ಆಯಿತು. ನಾನು ಕುಳಿತೇ ಇದ್ದೆ. ಮತ್ತೆ ಆಯಿತು. ಹೆಡ್ ಕ್ಲರ್ಕ್ ಗುರುಪಾದಸ್ವಾಮಿಗಳು ಕನ್ನಡಕದ ಮೇಲಿಂದ ನೋಡಿ, "ಮಾದಮ್ಮ, ಆ ಬೆಲ್ಲು ನಿನ್ಗೇ ಕಣಮ್ಮ" ಎಂದರು. ನಿಮ್ಮಪ್ಪ ಎದ್ದು ಹೋಗುತ್ತಾರೆಂದು ನಾನು ಕಾಯುತ್ತಿದ್ದೆ. ಇದನ್ನು ಯಾರಿಗೂ ಹೇಳಬೇಡ. ಈಗ ಬೆಲ್ ಆಗುವ ಮೊದಲೇ ಎದ್ದಿರುತ್ತೇನೆ. ವಿಧವೆಯಾಗಿ ಹದಿನಾಲ್ಕು ತಿಂಗಳು, ಜವಾನಳಾಗಿ ಐದು ತಿಂಗಳು; ಎರಡರಲ್ಲೂ ಇನ್ನೂ ಪ್ರೊಬೇಷನರಿ.

ಆಮೇಲೆ ಪಕ್ಕದ ಮನೆಯ ರಾಚಮ್ಮ ಇದ್ದಾಳೆ. ನಿಮ್ಮಪ್ಪನ ಗಡಿಯಾರದ ಪಟ್ಟಿಗೆ ಸೂಜಿ ಕಾಯಿಸಿ ಎರಡು ತೂತು ಹೆಚ್ಚಿಗೆ ಹಾಕಿ ನಾನು ಕಟ್ಟಿಕೊಂಡ ದಿನ, ನಲ್ಲಿಯ ಹತ್ತಿರ ಊರಿಗೆಲ್ಲ ಕೇಳುವಂತೆ, "ಗಂಡ ಓಗಿ ಕಣ್ಣೀರಾರಿಲ್ಲ, ಆಗ್ಲೇ ಕೈಗೆ ವಾಚು ಕಟ್ಬುಟ್ಟವ್ಳೆ ನೋಡು" ಎಂದಳು. "ನಾಳೆ ಟೈಮೆಷ್ಟು ಅಂತ ನನ್ನೇ ಕೇಳ್ತೀಯ, ಬುಡು" ಎಂದೆ. ಈಗ ದಿನಕ್ಕೆ ನಾಲ್ಕು ಸಲ ಬೇಲಿಯಾಚೆಯಿಂದ ಟೈಮು ಕೇಳುತ್ತಾಳೆ. ಕೇಳಲಿ. ದಿನಕ್ಕೆ ನಾಲ್ಕು ಸಲ ಯಾರೋ ನನ್ನ ಹೆಸರು ಹಿಡಿದು ಕೂಗಿದಂತಾಯಿತು.

ಊಟದ ವಿಷಯದಲ್ಲಿ ಮಾತ್ರ ಆಡಳಿತ ಸ್ವಲ್ಪ ಕುಂಟಿದೆ. ಒಬ್ಬರಿಗಾಗುವಷ್ಟು ಮುದ್ದೆ ತಿರುವುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ನನ್ನವ್ವ ಒಂಬತ್ತು ಜನಕ್ಕೆ ತಿರುವುತ್ತಿದ್ದವಳು. ಒಬ್ಬರಿಗೆ ಹೇಗೆಂದು ಕೇಳಿದ್ದರೆ ಅಪಶಕುನ ಎನ್ನುತ್ತಿದ್ದಳು. ನಮ್ಮದು ಮೂರು ಮುದ್ದೆಯ ಮನೆ. ನಿಮ್ಮಪ್ಪ ಹೋದ ಮೇಲೆ ಎರಡಕ್ಕೆ ಇಳಿಸಿದೆ. ನೀನು ಹಾಸ್ಟೆಲ್ಲಿಗೆ ಹೋದ ಮೇಲೆ ಒಂದಕ್ಕೆ ಇಳಿಸಬೇಕಿತ್ತು, ಕೈ ಒಪ್ಪಲಿಲ್ಲ. ನೀರು ಕಡಿಮೆ ಇಟ್ಟರೆ ಗಂಟು, ಹಿಟ್ಟು ಕಡಿಮೆ ಹಾಕಿದರೆ ಅಂಬಲಿ, ಕೋಲು ಸುಮ್ಮನೆ ಪಾತ್ರೆಯ ತಳ ಕೆರೆಯುತ್ತದೆ. ಹಾಗಾಗಿ ಹತ್ತು ತಿಂಗಳಿಂದ ಎರಡೇ. ಎರಡನೆಯದನ್ನು ನಿನ್ನ ತಟ್ಟೆಯಲ್ಲಿಡುತ್ತೇನೆ. ಅದು ಆರಿದ ಮೇಲೆ ರಾಚಮ್ಮನ ಎಮ್ಮೆಗೆ ಕೊಟ್ಟು ಬರುತ್ತೇನೆ. ನನ್ನ ಹೆಜ್ಜೆಯ ಸದ್ದಿಗೇ ಅದು ಎದ್ದು ನಿಲ್ಲುತ್ತದೆ. ಸರ್ಕಾರಿ ನೌಕರಳೆಂದು ನನಗೆ ಎದ್ದು ನಿಲ್ಲುವ ಜೀವ ಇಡೀ ಚಾಮರಾಜನಗರದಲ್ಲಿ ಅದೊಂದೇ.

ಎರಡನೆಯ ಕಾರಣ, ನಿಮ್ಮಪ್ಪ ಹೇಳುತ್ತಿದ್ದುದು ನಿನಗೆ ನೆನಪಿದೆಯಲ್ಲ, "ನೀನು ಬೆಲ್ ಒಡೆಯೋಳಾಗ್ಬೇಕು ಕಣಮ್ಮಿ, ಬೆಲ್ಲಿಗೆ ಏಳೋಳಲ್ಲ" ಎಂದು. ಟ್ರಂಕು ಹೊತ್ತು ಬಂದರೆ ನನ್ನ ಪಕ್ಕ ಇನ್ನೊಂದು ಸ್ಟೂಲು ಹಾಕಬೇಕಾಗುತ್ತದೆ. ಅಳೆದು ನೋಡಿದ್ದೇನೆ, ಅಲ್ಲಿ ಜಾಗವಿಲ್ಲ.

ನಿಮ್ಮ ವಾರ್ಡನ್ ಮಹಾಲಕ್ಷ್ಮಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಮಾದಪ್ಪ ನಿನ್ನನ್ನು ಕಾಯಲಿ. ಕಿಟಕಿ ಮಾತ್ರ ನೀನೇ ಮುಚ್ಚಿಕೋ.

ನಿನ್ನ ಅವ್ವ,
ಚಿಕ್ಕಮಾದಮ್ಮ

ಮರೆತಿದ್ದೆ: ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಒಂದೇ ಮುದ್ದೆ ಬಂತು. ಒಂದು ಪಕ್ಕ ಸೊಟ್ಟ, ಆದರೆ ಗಂಟಿಲ್ಲ. ಎಮ್ಮೆ ಎದ್ದು ನಿಂತು ಕಾಯುತ್ತಿತ್ತು, ನಾನು ಆ ಕಡೆ ಹೋಗಲಿಲ್ಲ. ಉಂಡು, ಪಾತ್ರೆ ತೊಳೆದು, ನಿನ್ನ ತಟ್ಟೆಯನ್ನು ಅಟ್ಟಣಿಗೆಯ ಮೇಲಿಟ್ಟೆ. ಆಮೇಲೆ ಮನೆ ಬಹಳ ದೊಡ್ಡದೆನಿಸಿತು. ಪರೀಕ್ಷೆ ಮುಗಿಯುವವರೆಗೆ ಇತ್ತ ಬರಕೂಡದೆಂಬ ನನ್ನ ಹಿಂದಿನ ಆದೇಶವನ್ನು ಆದ್ದರಿಂದ ಸಡಿಲಿಸಲಾಗಿದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಾ, ಎರಡು ಮುದ್ದೆಗೆ ನೀರಿಡುತ್ತೇನೆ. ಕೈಚೀಲ ಸಾಕು. ಟ್ರಂಕು ಅಲ್ಲೇ ಇರಲಿ.