ಆರು ಸಾವಿರ ವರ್ಷದ ಸರೋವರ ಮತ್ತು ಆವಲಪ್ಪನ ಕಾಲು

ಕಪ್ಪೆಚಿಪ್ಪು ನೋಡಿ ನೆಲದ ವಯಸ್ಸು ಹೇಳಬಲ್ಲ ಮಾನ್ಯ ಅಧಿಕಾರಿಗಳೇ,

ನಮ್ಮೂರ ಕುಡಿಯುವ ನೀರಿನ ಬಾವಿ ಕಳೆದ ಮಾಘದಲ್ಲಿ ಕುಸಿದು, ಅದನ್ನು ತೋಡುತ್ತಿದ್ದ ಆವಲಪ್ಪನ ಎಡಗಾಲು ಹೋಯಿತು. ‘ತೋಡಿದವನ ಅಜಾಗರೂಕತೆ’ ಎಂದು ತಮ್ಮ ಕಚೇರಿ ಷರಾ ಬರೆದು, ಅವನಿಗೂ ಅವನ ತಮ್ಮಂದಿರಿಗೂ ಇನ್ನು ಮುಂದೆ ಸರ್ಕಾರಿ ಕೆಲಸ ಕೊಡಕೂಡದೆಂದು ಹುಕುಂ ಮಾಡಿದೆ. ಈ ಷರಾ ಸುಳ್ಳು. ತಪ್ಪು ಅರ್ಧ ತಮ್ಮದು. ಉಳಿದರ್ಧ, ಬಹುಶಃ ಅದಕ್ಕಿಂತ ಹೆಚ್ಚು, ನನ್ನದು.

1939ರ ಬೇಸಿಗೆಯಲ್ಲಿ ತಾವು ತಾಯಲೂರಿನಲ್ಲಿ ಡೇರೆ ಹಾಕಿದ್ದಾಗ, ಕೆರೆಯಿಂದ ಮುಕ್ಕಾಲು ಮೈಲಿ ಮೇಲಿರುವ ನನ್ನ ಹೊಲಕ್ಕೆ ಬಂದಿರಿ. ಮಳೆ ಕೊಚ್ಚಿದ ಕೊರಕಲಿನ ಅಂಚಿನಲ್ಲಿ ಚಿಪ್ಪುಗಳನ್ನು ಕಂಡು ಮಂಡಿಯೂರಿ ಕೂತಿರಿ. ತಾವೇ ವಿವರಿಸಿದಿರಿ: ತಿರುಚಿನಾಪಳ್ಳಿಯ ಕಡೆ ಕಲ್ಲಾಗಿಹೋದ ಚಿಪ್ಪುಗಳಿವೆಯಂತೆ. ಯಾವ ಜಾತಿಯ ಚಿಪ್ಪು ಯಾವ ಪದರದಲ್ಲಿದೆ ಎಂಬುದರಿಂದ ಬಂಡೆಯ ಕಾಲ ತಿಳಿಯುತ್ತದಂತೆ. ಅಂದಿನ ಕಡಲು ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದನ್ನೂ ಅವು ಹೇಳುತ್ತವಂತೆ. ಆ ವಿದ್ಯೆಯನ್ನು ನಾನು ಇವತ್ತಿಗೂ ನಂಬುತ್ತೇನೆ. “ನೋಡಿ, ಎರಡು ಹೋಳೂ ಮುಚ್ಚಿಕೊಂಡೇ ಇವೆ. ಹೊಳೆ ಹೊತ್ತು ತಂದಿದ್ದರೆ ಬಿಡಿಬಿಡಿಯಾಗುತ್ತಿದ್ದವು. ಇಲ್ಲೇ ಬದುಕಿ ಇಲ್ಲೇ ಸತ್ತವು ಇವು” ಎಂದಿರಿ. ಆರು ಪದರ ಎಣಿಸಿ, ಆರು ಸಾವಿರ ವರ್ಷದ ಹಿಂದೆ ಇಲ್ಲಿ ಮಳೆ ಧಾರಾಳವಾಗಿತ್ತು, ದೊಡ್ಡ ಸರೋವರವಿತ್ತು ಎಂದು ಬರೆದುಕೊಂಡಿರಿ.

ಸ್ವಾಮಿ, ಅವನ್ನು ಹೊತ್ತು ತಂದದ್ದು ನಮ್ಮ ಎತ್ತಿನ ಗಾಡಿ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಗೋಡುಮಣ್ಣು ಅಗೆದು ಹೊಲಕ್ಕೆ ಹೊಡೆಯುವುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಎರಡಾಳುದ್ದದ ಆ ಕೊರಕಲನ್ನು ಮುಚ್ಚಲು ನಾನೂ ನನ್ನಪ್ಪನೂ ಆರು ಬೇಸಿಗೆ ಗೋಡು ಸುರಿದೆವು. ಚಿಪ್ಪು ಹೆಂಟೆಯ ಸಮೇತ ಬಂತು, ಹೋಳು ಬಿಡಲಿಲ್ಲ. ನಡುನಡುವೆ ಮಳೆ ಮರಳು ಹರಡಿತು; ಕೊನೆಗೆ ಅದೇ ಮಳೆ ಒಂದು ಅಂಚು ಕೊಚ್ಚಿ ಪದರಗಳನ್ನು ಹೊರಗೆ ಹಾಕಿತು. ತಮ್ಮ ಸಾವಿರ ವರ್ಷ ನಮ್ಮ ಒಂದು ಬೇಸಿಗೆ. ಸತ್ತ ಚಿಪ್ಪನ್ನು ಅಷ್ಟೊಂದು ವಿಚಾರಿಸಿದ ತಮಗೆ, ಪಕ್ಕದಲ್ಲೇ ನಿಂತಿದ್ದ ರೈತನನ್ನು ‘ಇದು ಹೇಗೆ ಬಂತಪ್ಪಾ’ ಎಂದು ಕೇಳಬೇಕೆನಿಸಲಿಲ್ಲವೇ?

ಕೇಳದಿದ್ದರೂ ನಾನು ಹೇಳಬಹುದಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ತಾವು ‘ತೋರಿಸಿದವರು: ಶ್ರೀಮಾನ್ ಮುನಿಕೃಷ್ಣಪ್ಪನವರು’ ಎಂದು ಚೀಟಿ ಬರೆದು ಚಿಪ್ಪಿನ ಗಂಟಿಗೆ ಕಟ್ಟಿದಿರಿ. ಅಲ್ಲಿಯವರೆಗೆ ಯಾವ ಸರ್ಕಾರಿ ಕಾಗದವೂ ನನ್ನನ್ನು ಶ್ರೀಮಾನ್ ಎಂದಿರಲಿಲ್ಲ. ಹಿಗ್ಗಿ ಬಾಯಿ ಮುಚ್ಚಿಕೊಂಡೆ.

ಮರುವರ್ಷ, ಹಳೆಯ ಸರೋವರದ ತಳವಾದ್ದರಿಂದ ನೀರು ಖಂಡಿತ ಎಂಬ ತಮ್ಮ ವರದಿಯ ಮೇಲೆ ಬಾವಿಗೆ ಅಲ್ಲೇ ಗುರುತು ಹಾಕಿದರು. ಆವಲಪ್ಪ ಮೊದಲ ಗುದ್ದಲಿಗೇ ಅನುಮಾನಪಟ್ಟ.

“ಮಣ್ಣು ಸಡ್ಲ ಕಾಣ್ತೈತಲ್ಲಣ್ಣಾ. ಇದು ಹುಟ್ಟುನೆಲಾನಾ, ಇಲ್ಲಾ ಹೊಡ್ಸಿದ್ದಾ?”

“ಸಾಹೇಬ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನ್ಲಾ? ತೋಡು” ಎಂದೆ.

“ನೀನ್ ಹೇಳಿದ್ಮೇಲೆ ಆಯ್ತು ಬಿಡಣ್ಣಾ” ಎಂದು ಇಳಿದ. ಮೂರನೆಯ ದಿನ ನಾನು ಸುರಿದ ಮಣ್ಣೇ ಅವನ ಮೇಲೆ ಬಿತ್ತು. ಅಷ್ಟಾದರೂ, ವಿಚಾರಣೆಗೆ ಬಂದವರ ಮುಂದೆ ‘ನೆಲ ಗಟ್ಟಿಯದೇ’ ಎಂದು ರುಜು ಹಾಕಿದೆ. ಅದನ್ನು ನೆನೆದರೆ ಅನ್ನದ ಮುಂದೆ ಕೂರಲು ನಾಚಿಕೆಯಾಗುತ್ತದೆ.

ಆದ್ದರಿಂದ ನನ್ನ ಆ ಹೇಳಿಕೆಯನ್ನು ರದ್ದುಮಾಡಿ, ಬೇಕಾದ ಶಿಕ್ಷೆ ವಿಧಿಸಿ. ವರದಿಯಿಂದ ಸರೋವರವನ್ನು ತೆಗೆದುಹಾಕಿ. ಆವಲಪ್ಪನ ಮೇಲಿನ ಷರಾ ಹೊಡೆದುಹಾಕಿ, ಅವನ ತಪ್ಪಿಲ್ಲವೆಂದು ತಾವೇ ಊರಿಗೆ ಬಂದು ಹೇಳಿ.

ಅವನಿಗೆ ಓದು ಬಾರದು. ಭಾನುವಾರ ಭಾನುವಾರ ಅವನ ಜಗುಲಿಯಲ್ಲಿ ಕೂತು ಪತ್ರಿಕೆ ಓದಿ ಹೇಳುವವನು ನಾನೇ. ಹೋದ ವಾರ ಯಾರೋ ನನ್ನ ಹೇಳಿಕೆಯ ಮಾತೆತ್ತಿದಾಗ, “ಅಣ್ಣ ಗಟ್ಟಿ ಅಂದ್ಮೇಲೆ ಗಟ್ಟೀನೇ. ನನ್ ಕೈಲೇ ಏನೋ ತಪ್ಪಾಗೈತೆ” ಎಂದು ನನ್ನ ಪರವಾಗಿ ಜಗಳಕ್ಕೆ ನಿಂತ. ಈ ಪತ್ರವನ್ನು ಆ ಪತ್ರಿಕೆಗೂ ಕಳಿಸಿದ್ದೇನೆ; ಸಂಪಾದಕರು ಬರುವ ಭಾನುವಾರವೇ ಅಚ್ಚು ಹಾಕುತ್ತಾರಂತೆ. ಅವನು ಎಂದಿನಂತೆ ಚಾಪೆ ಹಾಸಿ, “ಇವತ್ತೇನ್ ಬಂದೈತೋ ಓದಣ್ಣಾ” ಎನ್ನುತ್ತಾನೆ. ಓದುತ್ತೇನೆ.

ಇಂತಿ,
ತಲೆಯೆತ್ತಲಾರದೆ ರುಜು ಮಾಡಿರುವ
ಮುನಿಕೃಷ್ಣಪ್ಪ
ತಾಯಲೂರು ಹೋಬಳಿ, 1941