ಸದ್ದು ಮಾಡದ ಹಗ್ಗ

ನನ್ನ ಅಪ್ಪನಿಗೆ,

ನಿನ್ನೆ ಕಾಪುವಿನ ನಮ್ಮ ಕಾಲೇಜಿನಲ್ಲಿ ಸ್ಥಿತಿಸ್ಥಾಪಕತೆಯ ಪಾಠ ಶುರು ಮಾಡಿದೆ. ಪ್ರತಿ ವರ್ಷದಂತೆ ರಬ್ಬರ್ ಬ್ಯಾಂಡ್ ಒಂದನ್ನು ಎಳೆದು ಹಿಡಿದು, ನಾವು ಎಳೆದ ಶ್ರಮವೆಲ್ಲ ಇದರೊಳಗೇ ಕೂತಿರುತ್ತದೆ, ಬಿಟ್ಟ ಕೂಡಲೇ ವಾಪಸು ಕೊಡುತ್ತದೆ ಎಂದೆ. ಅಷ್ಟರಲ್ಲಿ ಅದು ಕಡಿದು ಬೆರಳಿಗೆ ಚಟೀರೆಂದು ಹೊಡೆಯಿತು. ಮಕ್ಕಳು ನಕ್ಕರು. ನಾನು ಕಡಿದ ತುಂಡನ್ನು ಮೇಜಿನ ಮೇಲಿಟ್ಟೆ. ಇದೇ ಅಲ್ಲವೇ ಅಪ್ಪಾ, ನಿಮ್ಮನ್ನು...

ನೀವು ತೀರಿಹೋದ ಆ ದಿನ ಬೆಳಿಗ್ಗೆ ಹೂಡೆಯ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಯಾರದೋ ದೋಣಿ ಮರಳಿನಲ್ಲಿ ಸಿಕ್ಕಿಬಿದ್ದಿತ್ತು. ಇನ್ನೊಬ್ಬರ ಕಷ್ಟ ಎಂದರೆ ನಿಮಗೆ ಬೆಳಗಿನ ಚಹಾವೂ ಬೇಡ. ನಮ್ಮ ದೋಣಿಗೆ ನೈಲಾನ್ ಹಗ್ಗ ಕಟ್ಟಿ ಎಳೆಯಲು ಹೊರಟಿರಿ. ಎಂಜಿನ್ ಹತ್ತಿರ ಇದ್ದ ಶೀನ ಮಾವ ಆಮೇಲೆ ಮಣಿಪಾಲದ ಆಸ್ಪತ್ರೆಯ ಹೊರಗೆ ಅಳುತ್ತಾ ಹೇಳಿದರು. ಹಗ್ಗ ಹಿಗ್ಗಿ ತೆಳ್ಳಗಾಗಿತ್ತಂತೆ. ದೂರ ಬನ್ನಿ ಭಾವ ಎಂದು ಕೂಗಿದರಂತೆ. ಹಗ್ಗದ ನೇರಕ್ಕೆ ನಿಂತಿದ್ದ ನೀವು ತಿರುಗಿಯೂ ನೋಡದೆ, "ಹಗ್ಗ ಇನ್ನೂ ಮಾತಾಡ್ಲಿಲ್ಲ ಮಾರಾಯ, ಎಂತ ಹೆದರಿಕೆ?" ಅಂದಿರಂತೆ. ಮರುಗಳಿಗೆ ಅದು ಕಡಿದು ನಿಮ್ಮ ಎದೆಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಹಗ್ಗಕ್ಕೆ ಕಿವಿಗೊಡಲು ಕಲಿಸಿದವರು ನೀವೇ. ತೆಂಗಿನ ನಾರಿನ ಹಗ್ಗ ಕಡಿಯುವ ಮೊದಲು ಚಟಚಟ ಎನ್ನುತ್ತಿತ್ತು, ಎಲ್ಲರೂ ಓಡಿ ದೂರ ನಿಲ್ಲುತ್ತಿದ್ದರು. ನೈಲಾನಿಗೆ ಆ ಮರ್ಯಾದೆ ಇಲ್ಲ ಅಪ್ಪಾ. ಹಿಗ್ಗುತ್ತದೆ, ಇನ್ನೂ ಹಿಗ್ಗುತ್ತದೆ, ತುಟಿ ಪಿಟಕ್ಕೆನ್ನುವುದಿಲ್ಲ. ಎಂಜಿನ್ ಎಳೆದ ಬಲವನ್ನೆಲ್ಲ ಒಳಗೆ ಇಟ್ಟುಕೊಂಡು, ಕಡಿದಾಗ ಒಮ್ಮೆಗೇ... ನೀವು ಕಾಯುತ್ತಿದ್ದ ಸದ್ದು ಬರುವುದೇ ಇರಲಿಲ್ಲ. ಜೀವಮಾನವಿಡೀ ನಂಬಿದ ಕಿವಿ ನಿಮಗೆ ಹೀಗೆ ಮಾಡುವುದೇ? ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ತಿಳಿಯುತ್ತಿಲ್ಲ.

ಇವತ್ತು ಶೀನ ಮಾವ ಮನೆಗೆ ಬಂದಿದ್ದರು. ಬಿಗಿದ ಹಗ್ಗದ ನೇರಕ್ಕೆ ನಮ್ಮ ದೋಣಿಯಲ್ಲಿ ಈಗ ಯಾರೂ ನಿಲ್ಲುವುದಿಲ್ಲ ಎಂದರು. ಸಿಕ್ಕಿಬಿದ್ದ ಆ ದೋಣಿ ಏನಾಯಿತು ಎಂದು ಕೇಳಿದೆ. ಇಷ್ಟು ದಿನ ನಮ್ಮಲ್ಲಿ ಯಾರಿಗೂ ಅದನ್ನು ಕೇಳಲು ತೋಚಿರಲಿಲ್ಲ. ಮಾವ ನೆಲ ನೋಡುತ್ತಾ ಹೇಳಿದರು.

ನಿಮ್ಮನ್ನು ಮಣಿಪಾಲಕ್ಕೆ ಒಯ್ಯುತ್ತಿದ್ದ ಹೊತ್ತಿಗೆ ಭರತ ಬಂದು ಕಡಲ ನೀರು ಏರಿ, ಆ ದೋಣಿ ತಾನಾಗಿಯೇ ತೇಲಿತಂತೆ ಅಪ್ಪಾ. ಯಾರೂ ಎಳೆಯಲಿಲ್ಲವಂತೆ.