ತಿದ್ದಲು ಕೊಟ್ಟ ಎರಡು ಪುಟ

ಮಾರ್ಚ್ 4, ಮಧ್ಯಾಹ್ನ

ಬೆಳಿಗ್ಗೆಯಿಂದ ನಲವತ್ತೆರಡು ಕೈ. ಹತ್ತೊಂಬತ್ತನೆಯವರ ನರ ಸಿಗಲೇ ಇಲ್ಲ. ಮೂರು ಸಲ ಚುಚ್ಚಿದೆ. "ಇವತ್ತೇ ಕೆಲಸಕ್ಕೆ ಸೇರಿದ್ರಾ?" ಎಂದರು. ಹದಿನೇಳು ವರ್ಷವಾಯಿತು ಎನ್ನಲು ನಾಚಿಕೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದಷ್ಟೇ ನನ್ನ ಪಾಲು. ಒಳಗೆ ಕೂತು ಟೆಸ್ಟ್ ಮಾಡಲು ಡಿಗ್ರಿ ಬೇಕು. ಅದಕ್ಕೇ ಸಂಜೆ ಕಾಲೇಜಿನ ಅರ್ಜಿ. ಎಲ್ಲ ತುಂಬಿದ್ದೇನೆ, ಕೊನೆಯ ಹಾಳೆ ಬಿಟ್ಟು. 'ನಿಮ್ಮ ಓದಿನ ದಾರಿ ಬದಲಿಸಿದ ಒಂದು ಘಟನೆ. ನಿಮ್ಮದೇ ಮಾತಿನಲ್ಲಿ, ಎರಡು ಪುಟ.' ನಲವತ್ತೊಂದನೇ ವಯಸ್ಸಿಗೆ ಪ್ರಬಂಧ! ಕಾಲು ಸೋತಿದೆ. ನಾಳೆ ನೋಡೋಣ.

ಮಾರ್ಚ್ 9

ಬರೆಯಲಿಲ್ಲ.

ಮಾರ್ಚ್ 14

ಬರೆದೆ. ಕಷ್ಟವೇ ಆಗಲಿಲ್ಲ — ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಹೇಳಿಕೊಂಡು ಬಂದ ಕಥೆ ತಾನೆ. ಡಿಗ್ರಿ ಎರಡನೇ ವರ್ಷ. ಅಮ್ಮನಿಗೆ ಲಕ್ವ ಹೊಡೆಯಿತು. ಅಪ್ಪನಿಗೆ ಪ್ರೆಸ್ಸಿನಲ್ಲಿ ಶಿಫ್ಟ್ ಕೆಲಸ. ಮಗಳು ಕಾಲೇಜು ಬಿಟ್ಟು ನೋಡಿಕೊಂಡಳು. ಮೂರು ವರ್ಷಕ್ಕೆ ಅಮ್ಮ ಹೋದಳು. ಎಕ್ಸ್‌ರೇ ವಿಭಾಗದ ಮೇಡಂ ಓದಿ ಕಣ್ಣೊರೆಸಿಕೊಂಡರು. "ಸೀಟು ಗ್ಯಾರಂಟಿ ಕಣೇ!"

ಮನೆಗೆ ಬಂದು ಅಪ್ಪನ ಕೈಗಿಟ್ಟೆ. ಪ್ರೆಸ್ಸಿನಲ್ಲಿ ಮೂವತ್ತೈದು ವರ್ಷ ಪ್ರೂಫ್ ನೋಡಿದವರು. "ಕಾಗುಣಿತ ನೋಡಿಕೊಡಪ್ಪಾ."

ಮಾರ್ಚ್ 15

ಎರಡೇ ತಪ್ಪು. ಆದರೆ ಕೆಳಗೆ ಪೆನ್ಸಿಲ್ಲಿನಲ್ಲಿ — 'ಓದು ಬಿಡಿಸಿದವನು ತಂದೆ. ಇದನ್ನು ಸೇರಿಸು.'

"ಇದ್ಯಾಕಪ್ಪಾ?"

"ನೀನಾಗೇ ಬಿಟ್ಟೆ ಅಂತ ಬರ್ದಿದ್ದೀಯ. ಒಂದು ವರ್ಷ ಬಿಡು ಮಗಳೇ ಅಂದಿದ್ದು ನಾನಲ್ವಾ? ನೀನು ಬಿಕ್ಕಿ ಬಿಕ್ಕಿ ಅತ್ತೆ. ಆ ಅಳು ಇನ್ನೂ ನನ್ನ ಕಿವೀಲಿದೆ. ಅದು ತಪ್ಪಾಗಿ ಅಚ್ಚಾಗಬಾರ್ದು."

ನಾನು ಕೆಲಸಕ್ಕೆ ಸೇರಿದ ದಿನದಿಂದ ಅಪ್ಪ ಐದಕ್ಕೇ ಎದ್ದು ನನಗೆ ಡಬ್ಬಿ ಕಟ್ಟುತ್ತಾರೆ. ಅಪ್ಪನ ತಂಗಿ, ನನ್ನ ಅತ್ತೆ, ವರ್ಷವರ್ಷವೂ ತಮ್ಮೂರಿಗೆ ಕರೆಯುತ್ತಾರೆ, ಅಪ್ಪ ಹೋಗುವುದಿಲ್ಲ. ಅತ್ತೆಗೆ ಫೋನಿನಲ್ಲಿ ಅಂದದ್ದು ಕೇಳಿದ್ದೇನೆ — "ಅವಳ ಓದು ಕಿತ್ಕೊಂಡೋನು ನಾನು. ಈಗ ಒಬ್ಬಳನ್ನೇ ಬಿಟ್ಟು ಬರ್ಲಾ?" ಅದನ್ನು ಪ್ರೀತಿ ಎಂದುಕೊಂಡು ಸುಮ್ಮನಿದ್ದೆ. ಪ್ರೀತಿಯೂ ಹೌದು. ಆದರೆ...

ಮಾರ್ಚ್ 17

ಈ ಡೈರಿಯಲ್ಲಾದರೂ ಬರೆಯುತ್ತೇನೆ. ಅಮ್ಮ ಬೀಳುವುದಕ್ಕೆ ಹನ್ನೊಂದು ದಿನ ಮೊದಲೇ ರಿಸಲ್ಟ್ ಬಂದಿತ್ತು. ಗಣಿತ, ಭೌತಶಾಸ್ತ್ರ — ಎರಡೂ ಫೇಲು. ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಹಾಸಿದ್ದ ಪೇಪರಿನ ಕೆಳಗೆ ಬಚ್ಚಿಟ್ಟೆ. ದಿನಾ ಹೇಳಬೇಕು ಅಂದುಕೊಂಡೆ. ದಿನಾ ಹೇಳಲಿಲ್ಲ. ಆಮೇಲೆ ಅಮ್ಮ ಬಿದ್ದಳು. ಅಪ್ಪ "ಬಿಡು" ಅಂದಾಗ ಅತ್ತದ್ದು ದುಃಖಕ್ಕಲ್ಲ. ಬಚಾವಾದೆನಲ್ಲ ಎಂದು. ಅಮ್ಮ ಹಾಸಿಗೆ ಹಿಡಿದದ್ದು ನನಗೆ ಅನುಕೂಲವಾಯಿತು.

ಬರೆದಾಯಿತು. ಏನೂ ಹಗುರವಾಗಲಿಲ್ಲ.

ಮಾರ್ಚ್ 24

ಕೊನೇ ದಿನಾಂಕ 31. ಹಳೆಯ ಎರಡು ಪುಟ ಹರಿದು ಹಾಕಿ ಹೊಸದಾಗಿ ಎರಡು ಪುಟ ಬರೆದೆ. ಇದನ್ನು ಓದಿದರೆ ಕಾಲೇಜಿನವರು ಸೀಟು ಕೊಡುತ್ತಾರೋ ಇಲ್ಲವೋ. ಅಪ್ಪ ಓದದೆ ಅವರು ಓದುವುದು ಬೇಡ ಅನ್ನಿಸಿತು. ಮೇಜಿನ ಮೇಲಿಟ್ಟು ಒಗೆದಿದ್ದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಂತೆ. ಬಾಗಿಲ ಸಂದಿಯಿಂದ ಕಾಣುತ್ತಿತ್ತು — ಪೆನ್ಸಿಲು ಅಪ್ಪನ ಕೈಯಲ್ಲೇ ಇದೆ, ಹಾಳೆಗೆ ತಾಗುತ್ತಿಲ್ಲ.

"ಗಣಿತಾನೂ ಹೋಗಿತ್ತಾ?"

"ಹೂಂ."

"ಕೇಳಿದ್ರೆ ನಾನು ಹೇಳಿಕೊಡ್ತಿರ್ಲಿಲ್ವೇನೇ?"

"ಇಪ್ಪತ್ತೆರಡು ವರ್ಷ ನಿನ್ನ ಮುಖಾನ ನೆಟ್ಟಗೆ ನೋಡಿಲ್ಲ ನಾನು" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮಾರ್ಚ್ 25

ಡಬ್ಬಿ ಇರಲಿಲ್ಲ. ಒಲೆ ತಣ್ಣಗಿತ್ತು. ಕ್ಯಾಂಟೀನಿನಲ್ಲಿ ಬನ್ನು, ಟೀ. ಐವತ್ತೊಂದು ಕೈ.

ಮಾರ್ಚ್ 28

ಮಾತಿಲ್ಲ. ಒಂದೇ ಮೇಜಿನಲ್ಲಿ ಊಟ, ಎದುರುಬದುರು. "ಉಪ್ಪು" ಎಂದರು. ಕೊಟ್ಟೆ. ಇವತ್ತಿನ ಸಂಭಾಷಣೆ ಇಷ್ಟೇ. ಅಕ್ಕಪಕ್ಕದವರು ಜೋರಾಗಿ ಜಗಳವಾಡಿದರೆ ಹೊಟ್ಟೆಕಿಚ್ಚಾಗುತ್ತಿದೆ.

ಮಾರ್ಚ್ 30, ಸಂಜೆ 6

ಬಂದಾಗ ಹಾಳೆಗಳು ಮೇಜಿನ ಮೇಲಿದ್ದವು. ಏಳು ತಿದ್ದುಪಡಿ. ಆರು ಕಾಗುಣಿತದವು. ಏಳನೆಯದು — 'ನಾನು ತಂದೆಗೆ ಮೋಸ ಮಾಡಿದೆ' ಎಂಬಲ್ಲಿ 'ಮೋಸ ಮಾಡಿದೆ' ಹೊಡೆದು, ಮೇಲೆ 'ಹೆದರಿದೆ' ಎಂದು ಬರೆದಿದ್ದಾರೆ.

"ಪ್ರೂಫ್ ನೋಡೋರು ಪದ ಬದಲಾಯಿಸಬಾರ್ದು ಅಂತ ನೀನೇ ಹೇಳ್ತಿದ್ಯಲ್ಲಪ್ಪಾ."

"ಸಿಟ್ಟು ಇಳಿದಿಲ್ಲ ನಂಗೆ. ಇಳಿಯತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಹತ್ತೊಂಬತ್ತು ವರ್ಷದ ಹುಡುಗಿ ತಲೆ ಮೇಲೆ ಅಷ್ಟು ದೊಡ್ಡ ಮಾತು ಹೊರಿಸಬೇಡ."

"ಹತ್ತೊಂಬತ್ತಕ್ಕೆ ಹೆದರಿದ್ದು ಸರಿ. ಮೂವತ್ತಕ್ಕೂ ಹೇಳ್ಲಿಲ್ಲ, ನಲವತ್ತಕ್ಕೂ ಹೇಳ್ಲಿಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಕೂತರು. ಕೊನೆಗೆ 'ತಂದೆಗೆ ಹೆದರಿ ಮೋಸ ಮಾಡಿದೆ' ಎಂದು ಬರೆದೆ. ಇಣುಕಿ ನೋಡಿದರು. "ಹ್ಞೂಂ. ವಾಕ್ಯ ಸರಿಯಾಗಿದೆ."

ನಾಳೆ ಕಳಿಸುತ್ತೇನೆ.

ಮೇ 19

ಸೀಟು ಸಿಕ್ಕಿದೆ. ಎಕ್ಸ್‌ರೇ ಮೇಡಂ ವಾರ್ಡಿನವರೆಗೂ ಕೇಳುವ ಹಾಗೆ ಕೂಗಿದರು. ಅಪ್ಪ ಪತ್ರವನ್ನು ಎರಡು ಸಲ ಓದಿ, ಒಂದು ಅಲ್ಪವಿರಾಮ ತಪ್ಪಾಗಿದೆ ಎಂದರು. ಆಮೇಲೆ ತಾವಾಗಿಯೇ ಅತ್ತೆಗೆ ಫೋನ್ ಹಚ್ಚಿದರು. "ಬರ್ತೀನಿ ಕಣೇ. ಒಂದೆರಡು ತಿಂಗಳು ಇರ್ತೀನಿ... ಅವಳಿಗೇನಾಗತ್ತೆ? ನಲವತ್ತೊಂದು ವರ್ಷ ಅವಳಿಗೆ!"

ಒಳಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ಅಪ್ಪನ ದನಿ ಇಷ್ಟು ಸಲೀಸಾಗಿ ಬಂದು ಎಷ್ಟು ಕಾಲವಾಗಿತ್ತೋ. ಖುಷಿಯಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ ಹೊತ್ತಿನ ಮೇಲೆ.

ಜೂನ್ 6

ಅಪ್ಪನನ್ನು ಬಸ್ಸು ಹತ್ತಿಸಿ ಬಂದೆ. ಕಿಟಕಿ ಪಕ್ಕದ ಸೀಟು. ಬಸ್ಸು ತಿರುಗುವಾಗ ಕೈ ಬೀಸಲು ಮರೆತು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು.

ಜೂನ್ 12, ಸಂಜೆ 7.15

ಮೊದಲ ಕ್ಲಾಸು ಮುಗಿಯಿತು. ಬಾಗಿಲಲ್ಲಿ ನನ್ನನ್ನು ಕಂಡು ಇಡೀ ತರಗತಿ ಎದ್ದು ನಿಂತಿತು, ಪಾಠ ಮಾಡುವ ಮೇಡಂ ಬಂದರೆಂದುಕೊಂಡು. ಹಿಂದಿನ ಬೆಂಚಿಗೆ ಹೋಗಿ ಕೂತೆ. ಒಬ್ಬಳು ಹುಡುಗಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಬಯೋಕೆಮಿಸ್ಟ್ರಿ. ಬೋರ್ಡು ತುಂಬಿತು, ಅಳಿಸಿದರು, ಮತ್ತೆ ತುಂಬಿತು. ಎಲ್ಲವನ್ನೂ ಬರೆದುಕೊಂಡೆ. ಎಲ್ಲರ ಜೊತೆ ತಲೆಯನ್ನೂ ಆಡಿಸಿದೆ.

ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಫೋನು ರಿಂಗಾಗುತ್ತಿದೆ — ಅಪ್ಪ. ಹೇಗಿತ್ತು ಎಂದು ಕೇಳುತ್ತಾರೆ. ಚೆನ್ನಾಗಿತ್ತಪ್ಪಾ ಎಂಬ ಮಾತು ನಾಲಗೆಯ ತುದಿಯಲ್ಲೇ ಇದೆ. ಬೇಡ. ಎತ್ತಿದ ಕೂಡಲೇ, ಅವರು ಕೇಳುವ ಮೊದಲೇ — ಅಪ್ಪಾ, ಇವತ್ತು ಒಂದಕ್ಷರವೂ ಅರ್ಥವಾಗಲಿಲ್ಲ ಎಂದುಬಿಡುತ್ತೇನೆ.